ತಗಡು ನಿಲ್ಲಿಸುವ ಮೊದಲು ನಕ್ಷೆ ತೋರಿಸಿ

ಸಾರಕ್ಕಿ, ಜೆ.ಪಿ. ನಗರ, ಕದಿರೇನಹಳ್ಳಿ, ಪುಟ್ಟೇನಹಳ್ಳಿ, ಯಲಚೇನಹಳ್ಳಿ ಸುತ್ತಮುತ್ತಲಿನ ನಿವಾಸಿಗಳಲ್ಲಿ, ವ್ಯಾಪಾರಸ್ಥರಲ್ಲಿ ಒಂದು ಮನವಿ



ನಮ್ಮ ರಿಂಗ್ ರೋಡಿನ ನೆತ್ತಿಯ ಮೇಲೆ ಇನ್ನೊಂದು ಮೆಟ್ರೊ ಬರುತ್ತಿದೆ. ಹೆಸರು ಕಿತ್ತಳೆ ಮಾರ್ಗ. ಜೆ.ಪಿ. ನಗರ ನಾಲ್ಕನೇ ಹಂತದಲ್ಲಿ ಹುಟ್ಟಿ, ಐದನೇ ಹಂತ ದಾಟಿ, ನಮ್ಮ ಸಾರಕ್ಕಿ ಸಿಗ್ನಲ್‌ನಲ್ಲಿ ಹಸಿರು ಮಾರ್ಗವನ್ನು ಕೂಡಿಕೊಂಡು, ಕದಿರೇನಹಳ್ಳಿ, ಹೊಸಕೆರೆಹಳ್ಳಿ, ಮೈಸೂರು ರಸ್ತೆ, ನಾಗರಬಾವಿ, ಸುಮನಹಳ್ಳಿ, ಪೀಣ್ಯ, ಹೆಬ್ಬಾಳ ಬಳಸಿ ಕೆಂಪಾಪುರಕ್ಕೆ ಹೋಗಿ ನಿಲ್ಲುತ್ತದೆ. ಉದ್ದ 32.15 ಕಿ.ಮೀ., ನಿಲ್ದಾಣಗಳು 22. ಇದರ ಜೊತೆಗೆ ಹೊಸಹಳ್ಳಿಯಿಂದ ಮಾಗಡಿ ರಸ್ತೆಯಲ್ಲಿ ಕಡಬಗೆರೆವರೆಗೆ 12.5 ಕಿ.ಮೀ. ಇನ್ನೊಂದು ಮಾರ್ಗ. ಎರಡಕ್ಕೂ ಸೇರಿ 15,611 ಕೋಟಿ ರೂಪಾಯಿಯ ಯೋಜನೆಗೆ ಕೇಂದ್ರ ಸಂಪುಟ 2024ರ ಆಗಸ್ಟ್ 16ರಂದು ಒಪ್ಪಿಗೆ ಕೊಟ್ಟಿತು. 2025ರ ಆಗಸ್ಟ್ 10ರಂದು, ಹಳದಿ ಮಾರ್ಗ ಉದ್ಘಾಟನೆಯಾದ ದಿನವೇ, ಪ್ರಧಾನಿಯವರು ಇದಕ್ಕೆ ಶಂಕುಸ್ಥಾಪನೆಯನ್ನೂ ಮಾಡಿದರು.

ಈ ಮೆಟ್ರೊ ನಮಗೆ ಬೇಕು. ಮೊದಲೇ ಇದನ್ನು ಬಿಡಿಸಿ ಹೇಳುತ್ತಿದ್ದೇವೆ, ಯಾಕೆಂದರೆ ಪ್ರಶ್ನೆ ಕೇಳಿದವರನ್ನೆಲ್ಲ ಅಭಿವೃದ್ಧಿ ವಿರೋಧಿಗಳ ಸಾಲಿಗೆ ಸೇರಿಸುವ ಚಾಳಿ ಈ ಊರಿನಲ್ಲಿ ಇದೆ. ನಾಗರಬಾವಿಗೋ ಹೆಬ್ಬಾಳಕ್ಕೋ ದಿನಾ ಹೋಗಿಬರುವವರು ನಮ್ಮ ಬೀದಿಯಲ್ಲಿ ಎಷ್ಟು ಜನ ಇದ್ದಾರೆ ನೋಡಿ. ರಿಂಗ್ ರೋಡಿನ ಬಸ್ಸಿಗೆ ಕಾದು, ಹತ್ತಿ, ನಿಂತೇ ಹೋಗಿ, ನಿಂತೇ ಬರುತ್ತಾರೆ. ಅವರಿಗೆ ಈ ರೈಲು ಇಷ್ಟರಲ್ಲಿ ಬಂದಿರಬೇಕಿತ್ತು. 2007ರಲ್ಲಿ ರೈಟ್ಸ್ ಸಂಸ್ಥೆ ಬೆಂಗಳೂರಿಗೆ ಮಾಡಿಕೊಟ್ಟ ಸಂಚಾರ ಯೋಜನೆಯಲ್ಲೇ ಜೆ.ಪಿ. ನಗರದಿಂದ ಹೆಬ್ಬಾಳಕ್ಕೆ ಪಶ್ಚಿಮ ರಿಂಗ್ ರೋಡಿನ ಮೇಲೆ 31 ಕಿ.ಮೀ. ಮೋನೊರೈಲು ಅಥವಾ ಲಘು ರೈಲು ಎಂದು ಬರೆದಿತ್ತು. ಮಾಗಡಿ ರಸ್ತೆಗೂ ಅದೇ. ಆವಾಗ ಒಂದನೇ ಕ್ಲಾಸಿನಲ್ಲಿದ್ದ ಮಕ್ಕಳು ಈಗ ಕೆಲಸಕ್ಕೆ ಹೋಗುತ್ತಿದ್ದಾರೆ. ಲಘು ರೈಲು ಕಾಗದದಲ್ಲೇ ಉಳಿಯಿತು, ಈಗ ಅದೇ ದಾರಿಗೆ ದೊಡ್ಡ ಮೆಟ್ರೊ ಬರುತ್ತಿದೆ. ಬರಲಿ.

ನಮ್ಮ ಬೇಡಿಕೆ ಒಂದೇ. ನಮ್ಮ ಬೀದಿಯಲ್ಲಿ ತಗಡಿನ ಬೇಲಿ ನಿಲ್ಲಿಸುವ ಮೊದಲು, ಸಾರಕ್ಕಿಯ ಮಟ್ಟಿಗೆ ಪೂರ್ತಿ ನಕ್ಷೆಯನ್ನೂ ಕೆಲಸದ ವೇಳಾಪಟ್ಟಿಯನ್ನೂ ಕನ್ನಡದಲ್ಲಿ, ಎಲ್ಲರ ಕಣ್ಣಿಗೆ ಬೀಳುವಂತೆ, ಸಿಗ್ನಲ್ ಪಕ್ಕದಲ್ಲಿ ಹಾಕಬೇಕು. ಅದರ ಮೇಲೆ ನಮ್ಮ ಮಾತು ಕೇಳಬೇಕು. ಕೇಳಿದ್ದನ್ನು ಗುತ್ತಿಗೆಯ ಷರತ್ತಿನಲ್ಲಿ ಬರೆಯಬೇಕು. ಬಾಯಿಮಾತಿನ ಭರವಸೆ ಬೇಡ.

ಯಾಕೆ ಇಷ್ಟು ಹಟ ಎನ್ನುವವರು ಸ್ವಲ್ಪ ಹಿಂದಕ್ಕೆ ನೋಡಿ. ಆರ್.ವಿ. ರಸ್ತೆಯ ನಡುವೆ ಲಕ್ಷ್ಮಣ ರಾವ್ ಉದ್ಯಾನ ಇತ್ತಲ್ಲ, ಬೆಳಗಿನ ಹೊತ್ತು ಜಯನಗರದ ಅರ್ಧ ವೃದ್ಧರು ಅಲ್ಲೇ ಇರುತ್ತಿದ್ದರು. ಹಸಿರು ಮಾರ್ಗ ಅದರ ಮೇಲೇ ಹೋಯಿತು. 2009ರಲ್ಲಿ ಹಸಿರು ಉಸಿರು ಬಳಗದವರು, ಸುತ್ತಲಿನ ನಿವಾಸಿಗಳು ಮರ ತಬ್ಬಿಕೊಳ್ಳುವ ಮಟ್ಟಿಗೆ ಬೀದಿಗಿಳಿದರು. ಆದರೂ ಬಹಳಷ್ಟು ಮರಗಳು ಉಳಿಯಲಿಲ್ಲ. ಅವರ ಹೋರಾಟದಲ್ಲಿ ಕೊರತೆ ಇರಲಿಲ್ಲ. ಮಾರ್ಗ ಎಲ್ಲಿ ಹೋಗಬೇಕು, ಕಂಬ ಎಲ್ಲಿ ನಿಲ್ಲಬೇಕು ಎಂಬುದೆಲ್ಲ ಮೂರು ವರ್ಷ ಮೊದಲೇ ಮುಗಿದ ಮಾತಾಗಿತ್ತು. ಗರಗಸ ಬಂದ ದಿನ ನಾವು ಎದ್ದರೆ ಉಳಿಸಲು ಏನೂ ಉಳಿದಿರುವುದಿಲ್ಲ. ನಮ್ಮ ಕಿತ್ತಳೆ ಮಾರ್ಗಕ್ಕೆ ಆ ಮೊದಲಿನ ಹೊತ್ತು ಈಗ ನಡೆಯುತ್ತಿದೆ.

ಕಾಲಾವಧಿಯ ಮಾತಿಗೆ ಬಂದರೆ, ಇದಂತೂ ನಮಗೆ ಯಾರೂ ಪಾಠ ಹೇಳಬೇಕಿಲ್ಲ. ಮೆಟ್ರೊದ ಮೊದಲ ಹಂತಕ್ಕೆ 2006ರ ಜೂನ್‌ನಲ್ಲಿ ಶಂಕುಸ್ಥಾಪನೆಯಾಯಿತು. ನಮ್ಮ ಜೆ.ಪಿ. ನಗರ ನಿಲ್ದಾಣಕ್ಕೆ ರೈಲು ಬಂದದ್ದು 2017ರ ಜೂನ್‌ನಲ್ಲಿ. ಯಲಚೇನಹಳ್ಳಿಯಿಂದ ಸಿಲ್ಕ್ ಇನ್‌ಸ್ಟಿಟ್ಯೂಟ್‌ಗೆ ಬರೀ ಆರು ಕಿ.ಮೀ. ದಾಟಲು 2021ರ ಜನವರಿ ಬೇಕಾಯಿತು. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗಕ್ಕೆ 2014ರಲ್ಲಿ ಒಪ್ಪಿಗೆ ಸಿಕ್ಕಿತ್ತು. ಕಂಬ, ಹಳಿ, ನಿಲ್ದಾಣ ಎಲ್ಲ ಸಿದ್ಧವಾದ ಮೇಲೂ ಓಡಿಸಲು ರೈಲಿಲ್ಲ ಎಂದು ಕಾದು 2025ರ ಆಗಸ್ಟ್‌ನಲ್ಲಿ ಬಾಗಿಲು ತೆರೆದರು. ಬನ್ನೇರುಘಟ್ಟ ರಸ್ತೆಯವರನ್ನಂತೂ ಕೇಳಲೇಬೇಡಿ. ಗುಲಾಬಿ ಮಾರ್ಗದ ಎತ್ತರಿಸಿದ ಭಾಗ ಏಳೂವರೆ ಕಿ.ಮೀ. ಅಷ್ಟೇ. ನಡುವೆ ಗುತ್ತಿಗೆದಾರರನ್ನು ಕೈಬಿಟ್ಟು, ಮತ್ತೆ ಟೆಂಡರ್ ಕರೆದು, ಅರ್ಧ ನಿಂತ ಕಂಬಗಳ ಕೆಳಗೆ ಅಲ್ಲಿನ ಅಂಗಡಿಯವರು ವರ್ಷಗಟ್ಟಲೆ ಧೂಳು ಒರೆಸಿದರು. ಕಿತ್ತಳೆ ಮಾರ್ಗಕ್ಕೆ ಮೊದಲು ಹೇಳಿದ್ದು 2029. ಈಗಾಗಲೇ 2031ರ ಮಾತು ಕೇಳಿಬರುತ್ತಿದೆ. ಶಾಲೆಗೆ ಸೇರಿಸಿದ ಮಗುವನ್ನು ಆರನೇ ಕ್ಲಾಸಿನವರೆಗೂ ತಗಡಿನ ಪಕ್ಕದಲ್ಲೇ ಕೈಹಿಡಿದು ದಾಟಿಸಬೇಕು ಎಂದಾದರೆ, ಆ ತಗಡು ಎಲ್ಲಿ ನಿಲ್ಲುತ್ತದೆ ಎಂದು ಕೇಳುವ ಹಕ್ಕು ಆ ತಾಯಿಗೆ ಇಲ್ಲವೇ?

ಇನ್ನು ಮುಖ್ಯ ವಿಷಯ. ಇದು ಬರೀ ರೈಲಲ್ಲ. ಒಂದೇ ಕಂಬದ ಮೇಲೆ ಕೆಳಗೆ ಮೇಲ್ಸೇತುವೆ, ಅದರ ಮೇಲೆ ಮೆಟ್ರೊ, ಅಂದರೆ ಡಬಲ್ ಡೆಕರ್. ಈ ಎರಡು ಹೊಸ ಮಾರ್ಗಗಳು ಸೇರಿದ ಮೆಟ್ರೊ ಮೂರನೇ ಹಂತದಲ್ಲಿ ರಾಜ್ಯ ಸರ್ಕಾರ ಸುಮಾರು 37 ಕಿ.ಮೀ. ಇಂಥ ಮೇಲ್ಸೇತುವೆಗೆ ಸುಮಾರು 9,700 ಕೋಟಿ ಅಂದಾಜಿಸಿದೆ. ಅದರಲ್ಲಿ ದೊಡ್ಡ ಪಾಲು ಜೆ.ಪಿ. ನಗರದಿಂದ ಹೆಬ್ಬಾಳದವರೆಗಿನ ನಮ್ಮ ದಾರಿಯದೇ. ಡಬಲ್ ಡೆಕರ್ ಎಂದರೆ ಏನೆಂದು ನಮಗೆ ಗೊತ್ತಿಲ್ಲದ್ದಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಮಾರೇನಹಳ್ಳಿ ರಸ್ತೆಯ ಮೇಲೆ 3.36 ಕಿ.ಮೀ. ಒಂದು ಈಗಾಗಲೇ ನಿಂತಿದೆ. ಅಲ್ಲಿ ಕಾರುಗಳು 2024ರ ಜುಲೈನಲ್ಲೇ, ಅದೂ ಮೊದಲಿಗೆ ಒಂದು ಬದಿಯಲ್ಲಿ, ಓಡತೊಡಗಿದವು. ಅದೇ ಕಂಬಗಳ ಮೇಲಿನ ರೈಲಿಗೆ ಇನ್ನೂ ಒಂದು ವರ್ಷ ಹಿಡಿಯಿತು. ಯಾರಿಗೆ ಯಾವುದು ಮೊದಲು ಎಂಬುದು ಇದರಿಂದಲೇ ತಿಳಿಯುತ್ತದೆ. ಜಯದೇವದಲ್ಲಿ ಇದ್ದ ಮೇಲ್ಸೇತುವೆಯನ್ನೇ 2020ರಲ್ಲಿ ಒಡೆದು ಹಾಕಿ ಮೆಟ್ರೊಗೆ ಜಾಗ ಮಾಡಿದ್ದೂ ಇದೇ ಊರಿನಲ್ಲಿ. ಕಟ್ಟಿ ಹದಿನೈದು ವರ್ಷವೂ ಸರಿಯಾಗಿ ತುಂಬಿರಲಿಲ್ಲ.

ಮೇಲ್ಸೇತುವೆಯನ್ನು ಹೊಗಳುವವರು ನಮ್ಮ ನಡುವೆಯೂ ಇದ್ದಾರೆ, ಅವರ ಜೊತೆ ಜಗಳ ಇಲ್ಲ. ಆದರೆ ಈ ಪತ್ರ ಬರೆದವರ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇವೆ: ರೈಲಿನ ಕೆಳಗೆ ಕಾರಿಗೆ ಇನ್ನೊಂದು ರಸ್ತೆ ಕೊಟ್ಟರೆ ಜನ ಕಾರು ಬಿಟ್ಟು ರೈಲು ಹತ್ತುವುದಿಲ್ಲ. ಮೇಲೆ ಹತ್ತಿದ ಕಾರು ಎಲ್ಲೋ ಒಂದು ಕಡೆ ಇಳಿಯಲೇಬೇಕು. ಆ ಇಳಿಜಾರು, ರ‍್ಯಾಂಪ್, ನಿಮ್ಮ ಮನೆಮುಂದೆ ಇಳಿಯುತ್ತದೋ ನಮ್ಮ ಮನೆಮುಂದೆಯೋ? ರ‍್ಯಾಂಪ್ ಬಂದಲ್ಲಿ ಕೆಳಗಿನ ರಸ್ತೆ ಕಿರಿದಾಗುತ್ತದೆ, ಕಿರಿದಾದ ಕಡೆ ಮೊದಲು ಕತ್ತರಿ ಬೀಳುವುದು ಫುಟ್‌ಪಾತ್‌ಗೆ, ಆಮೇಲೆ ಬಸ್ ಸ್ಟಾಪ್‌ಗೆ. ಇದು ಎಲ್ಲ ಕಡೆ ಆಗಿರುವ ಕಥೆ. ಇನ್ನು ಸಾರಕ್ಕಿ ಸಿಗ್ನಲ್‌ನಲ್ಲಿ ಕನಕಪುರ ರಸ್ತೆಯ ಮೇಲೆ ಹಸಿರು ಮಾರ್ಗ ಈಗಾಗಲೇ ತಲೆಯ ಮೇಲಿದೆ. ಅಡ್ಡ ಬರುವ ಮೇಲ್ಸೇತುವೆ ಅದರ ಅಡಿಯಲ್ಲಿ ನುಸುಳುವುದೇ, ಅದನ್ನೂ ದಾಟಿ ಏರುವುದೇ? ಏರಿದರೆ ಹೊಸ ನಿಲ್ದಾಣ ಎಷ್ಟನೇ ಮಹಡಿಗೆ ಹೋಗುತ್ತದೆ? ಹಸಿರಿನಿಂದ ಕಿತ್ತಳೆಗೆ ಬದಲಾಯಿಸುವ ಅಜ್ಜಿ ಟಿಕೆಟ್ ಗೇಟಿನ ಹೊರಗೆ ಬಂದು ಬೀದಿಗಿಳಿದು ಮತ್ತೆ ಹತ್ತಬೇಕೋ, ಒಳಗಿಂದಲೇ ಲಿಫ್ಟ್ ಇದೆಯೋ? ಮೆಟ್ರೊ ನಿಗಮದ ಎಂಜಿನಿಯರುಗಳು ಇವುಗಳಿಗೆ ಉತ್ತರವನ್ನು ನಕ್ಷೆಯಲ್ಲಿ ಬರೆದೇ ಬರೆಯುತ್ತಾರೆ, ಬರೆಯದೆ ಕಂಬ ಏಳುವುದಿಲ್ಲ. ಆ ಹಾಳೆಯನ್ನು ನಮಗೂ ತೋರಿಸಿ ಎನ್ನುವುದು ದೊಡ್ಡ ಮಾತೇನಲ್ಲ.

ಫುಟ್‌ಪಾತ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ನಮ್ಮ ಏರಿಯಾದಲ್ಲಿ ಮನೆಗೆಲಸಕ್ಕೆ ಬರುವ ಅಕ್ಕಂದಿರು, ಪೌರಕಾರ್ಮಿಕರು, ಗಾರ್ಮೆಂಟ್ಸ್‌ಗೆ ಹೋಗುವವರು ಬಹುಪಾಲು ಬಸ್ಸಿನವರು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಮೆಟ್ರೊದಲ್ಲಿ ಆ ಸೌಲಭ್ಯ ಇಲ್ಲ, ಮೇಲಾಗಿ 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿಸಿ ಗರಿಷ್ಠ ಟಿಕೆಟ್ 60ರಿಂದ 90 ರೂಪಾಯಿ ಆಯಿತು. ಅಂದರೆ ಕಿತ್ತಳೆ ರೈಲು ಬಂದ ಮೇಲೂ ಇವರು ಬಸ್ಸನ್ನೇ ಹಿಡಿಯುತ್ತಾರೆ. ಆರು ವರ್ಷದ ಕಾಮಗಾರಿಯಲ್ಲಿ ಇವರ ಬಸ್ ಸ್ಟಾಪ್ ಎಲ್ಲಿರುತ್ತದೆ ಎಂದು ಯಾವ ಶಂಕುಸ್ಥಾಪನೆಯ ಭಾಷಣದಲ್ಲೂ ಬರುವುದಿಲ್ಲ. ತಗಡು ನಿಂತ ಮರುದಿನ ಸ್ಟಾಪ್ ಕಾಣೆಯಾಗುತ್ತದೆ, ಬಸ್ಸು ಎಲ್ಲೋ ಮುಂದೆ ರಸ್ತೆ ನಡುವೆ ನಿಲ್ಲುತ್ತದೆ, ಹಿಂದಿನಿಂದ ಬೈಕು ನುಗ್ಗುತ್ತದೆ. ಬಿಎಂಟಿಸಿ, ಟ್ರಾಫಿಕ್ ಪೊಲೀಸ್, ಮೆಟ್ರೊ ನಿಗಮ ಮೂವರೂ ಒಂದೇ ಕಾಗದಕ್ಕೆ ಸಹಿ ಹಾಕಿ ತಾತ್ಕಾಲಿಕ ಸ್ಟಾಪ್‌ಗಳ ಜಾಗ ಮೊದಲೇ ಗುರುತಿಸಬೇಕು, ನೆರಳಿನ ಸಮೇತ. ಮಂಗಳವಾರ, ಶುಕ್ರವಾರ ರಾಹುಕಾಲದ ನಿಂಬೆಹಣ್ಣಿನ ದೀಪಕ್ಕೆ ಬನಶಂಕರಿ ಅಮ್ಮನವರ ಗುಡಿಗೆ ಬರುವ ಜನ ಎಷ್ಟು ಎಂದು ಕನಕಪುರ ರಸ್ತೆಯಲ್ಲಿ ಒಂದು ಸಲ ನಿಂತವರಿಗೆ ಗೊತ್ತು. ಆ ಜನಕ್ಕೂ ಸೇರಿಸಿ ಲೆಕ್ಕ ಹಾಕಲಿ.

ಸಾರಕ್ಕಿ ಮಾರ್ಕೆಟ್ ಬೀದಿಯ ತರಕಾರಿಯವರು, ಹೂವಿನವರು, ತಳ್ಳುಗಾಡಿಯವರು ಈ ಪತ್ರವನ್ನು ಎರಡು ಸಲ ಓದಿ. ರಿಂಗ್ ರೋಡಿನಲ್ಲಿ ಪಥ ಮುಚ್ಚಿದರೆ ಗಾಡಿಗಳು ನಿಮ್ಮ ಬೀದಿಗೇ ನುಗ್ಗುತ್ತವೆ. ಆಗ ಮೊದಲು ಎಬ್ಬಿಸುವುದು ನಿಮ್ಮನ್ನೇ, 'ಟ್ರಾಫಿಕ್‌ಗೆ ಅಡ್ಡಿ' ಅಂತ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ 30 ದಿನಗಳ ನೋಟಿಸ್ ಕೊಡದೆ ಬೀದಿ ವ್ಯಾಪಾರಿಯನ್ನು ಜಾಗದಿಂದ ಎಬ್ಬಿಸುವಂತಿಲ್ಲ, ಸ್ಥಳಾಂತರಿಸುವಂತಿಲ್ಲ. ನಿಮ್ಮ ಗುರುತಿನ ಚೀಟಿ, ವ್ಯಾಪಾರದ ಪ್ರಮಾಣಪತ್ರ ಇದ್ದರೆ ಜೋಪಾನ ಮಾಡಿ. ಇಲ್ಲದವರು ಈಗಲೇ ಅರ್ಜಿ ಹಾಕಿ. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಎಂದೆಲ್ಲ ಆಗಿರುವ ಈ ಗಡಿಬಿಡಿಯಲ್ಲಿ ಯಾವ ಕಿಟಕಿಗೆ ಹೋಗಬೇಕು ಎಂಬುದೇ ಒಂದು ಸಂಶೋಧನೆ. ಅದಕ್ಕೇ ಒಬ್ಬೊಬ್ಬರಾಗಿ ಅಲೆಯುವ ಬದಲು ಒಟ್ಟಿಗೆ ಹೋಗೋಣ.

ರಿಂಗ್ ರೋಡಿನ ಬದಿಯ ಕಟ್ಟಡದವರಿಗೂ, ಬಾಡಿಗೆ ಅಂಗಡಿಯವರಿಗೂ ಒಂದು ಮಾತು. ಮೆಟ್ರೊಗೆ ಜಾಗ ಬೇಕಾದಾಗ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) ಮೂಲಕ ಸ್ವಾಧೀನ ಮಾಡುತ್ತಾರೆ. ಮೊದಲು ಅದರ ಕಾಯ್ದೆಯ 28(1) ಅಧಿಸೂಚನೆ, ಆಮೇಲೆ ನಿಮಗೆ ನೋಟಿಸ್, ಆಕ್ಷೇಪಣೆಗೆ ಅವಕಾಶ, ಕೊನೆಗೆ 28(4) ಅಂತಿಮ ಅಧಿಸೂಚನೆ. ನೋಟಿಸ್ ಬಂದಾಗ ಬ್ರೋಕರ್ ಹೇಳಿದ್ದಕ್ಕೆ ಸಹಿ ಹಾಕಬೇಡಿ. ಅಳತೆಗೆ ಬಂದ ದಿನ ಅಲ್ಲೇ ಇರಿ, ಅಳೆದದ್ದರ ಪ್ರತಿ ಕೇಳಿ. ಬಾಡಿಗೆದಾರರು ಕರಾರುಪತ್ರ, ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್ ಒಂದು ಕಡೆ ಇಟ್ಟುಕೊಳ್ಳಿ. ಕಟ್ಟಡದ ಮಾಲೀಕರಿಗೆ ಪರಿಹಾರ ಬಂದು ಹದಿನೈದು ವರ್ಷದ ಅಂಗಡಿಯವನು ಬರಿಗೈಲಿ ಹೊರಡಬಾರದು. ಸಾರಕ್ಕಿ ಕೆರೆಯ ಒತ್ತುವರಿ ತೆರವು 2015ರ ಏಪ್ರಿಲ್‌ನಲ್ಲಿ ನಡೆದಾಗ ನೋಂದಣಿ ಪತ್ರ ಕೈಯಲ್ಲಿ ಹಿಡಿದೇ ಮನೆ ಕಳೆದುಕೊಂಡವರನ್ನು ನಾವು ನೋಡಿದ್ದೇವೆ. ಕೆರೆ ಉಳಿಯಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರ್ವೆ ನಕ್ಷೆ ಕೊನೆಯಲ್ಲಿ ಕಂಡವರೇ ಹೆಚ್ಚು ಕಳೆದುಕೊಂಡರು.

ಮರಗಳ ಲೆಕ್ಕ ಬೇರೆ ಇದೆ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಕೇಳಲೇಬೇಕು. ಸಾಮಾನ್ಯವಾಗಿ ಸಿಗುವುದು ಹತ್ತು ದಿನ. ಹತ್ತು ದಿನದಲ್ಲಿ ಮರ ಎಣಿಸಿ, ಜಾತಿ ಬರೆದು, ಬರಹ ತಯಾರಿಸಲು ಆಗುವುದಿಲ್ಲ. ಈಗಲೇ ಎಣಿಸಿಟ್ಟರೆ ಆಗುತ್ತದೆ. ಯಾವ ಮರವನ್ನು ಕಂಬದ ಜಾಗ ಎರಡು ಮೀಟರ್ ಸರಿಸಿ ಉಳಿಸಬಹುದು, ಯಾವುದು ಬರೀ ರ‍್ಯಾಂಪ್‌ಗಾಗಿ ಹೋಗುತ್ತದೆ ಎಂದು ಬೇರೆ ಬೇರೆ ಪಟ್ಟಿ ಮಾಡಿ ಕೇಳಬೇಕು. ರೈಲಿಗಾಗಿ ಮರ ಹೋದರೆ ದುಃಖ, ಕಾರಿಗಾಗಿ ಹೋದರೆ ಸಿಟ್ಟು.

ಇನ್ನು ಜೀವದ ಮಾತು. 2023ರ ಜನವರಿ 10ರಂದು ನಾಗವಾರದ ಬಳಿ ರಿಂಗ್ ರೋಡಿನಲ್ಲಿ ಮೆಟ್ರೊ ಕಂಬದ ಕಬ್ಬಿಣದ ಹಂದರ ಸ್ಕೂಟರ್ ಮೇಲೆ ಉರುಳಿ ತಾಯಿ, ಪುಟ್ಟ ಮಗು ಇಬ್ಬರೂ ಸತ್ತರು. 2025ರ ಏಪ್ರಿಲ್‌ನಲ್ಲಿ ಕೋಗಿಲು ಕ್ರಾಸ್‌ನಲ್ಲಿ ಮೆಟ್ರೊ ಸೇತುವೆಗೆಂದು ಸಾಗಿಸುತ್ತಿದ್ದ ಕಾಂಕ್ರೀಟ್ ಭಾಗ ಆಟೊ ಮೇಲೆ ಬಿದ್ದು ಚಾಲಕ ಸತ್ತರು. ಈ ಮೂವರೂ ರಸ್ತೆಯಲ್ಲಿ ತಮ್ಮ ಪಾಡಿಗೆ ಹೋಗುತ್ತಿದ್ದವರು. ಪೈಲಿಂಗ್ ಯಂತ್ರ, ಹಂದರ, ಕ್ರೇನ್, ಲಾಂಚಿಂಗ್ ಗರ್ಡರ್ ಇವೆಲ್ಲ ನಮ್ಮ ಮಕ್ಕಳ ಶಾಲೆಯ ದಾರಿಯಲ್ಲಿ ವರ್ಷಗಟ್ಟಲೆ ನಿಲ್ಲುತ್ತವೆ. ಭಾರ ಎತ್ತುವ ಹೊತ್ತಿನಲ್ಲಿ ಕೆಳಗಿನ ರಸ್ತೆ ಮುಚ್ಚಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬಲ್‌ನ ಮಿತಿ ಇದೆ, ಅದನ್ನು ಮೀರುವ ಕೆಲಸ ಇದ್ದರೆ ಹಿಂದಿನ ದಿನವೇ ಮನೆಮನೆಗೆ ತಿಳಿಸಬೇಕು. ಸೈಟ್‌ನಲ್ಲಿ ಸುರಕ್ಷತೆಗೆ ಹೊಣೆಯಾದ ಎಂಜಿನಿಯರ್ ಹೆಸರು, ಫೋನ್ ನಂಬರು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ, ತಗಡಿನ ಮೇಲೇ ಇರಲಿ. ತಗಡಿನ ಮೇಲೆ ನಾಯಕರ ಹುಟ್ಟುಹಬ್ಬದ ಪೋಸ್ಟರಿಗೆ ಜಾಗ ಇರುತ್ತದೆ, ಇದಕ್ಕೂ ಇರಲೇಬೇಕು.

ಒಂದು ಕಡೆ ಕೆಲಸ ನಿಂತು ಇಂತಿಷ್ಟು ದಿನ ಆದರೆ ಅಲ್ಲಿನ ತಗಡು ಕಿತ್ತು ರಸ್ತೆ ಬಿಟ್ಟುಕೊಡಬೇಕು ಎಂಬ ಷರತ್ತನ್ನೂ ಗುತ್ತಿಗೆಯಲ್ಲಿ ಸೇರಿಸಲಿ. 2017ರಲ್ಲಿ ಶುರುವಾದ ಈಜೀಪುರ ಮೇಲ್ಸೇತುವೆಯ ಬೋಳು ಕಂಬಗಳ ಕೆಳಗೆ ಬದುಕಿದ ಕೋರಮಂಗಲದವರು ಈ ಷರತ್ತಿನ ಬೆಲೆ ಬಲ್ಲರು.

ಈಗ ಮಾಡಬೇಕಾದ್ದು:

ಬರುವ ಭಾನುವಾರ ಬೆಳಿಗ್ಗೆ 7 ಗಂಟೆಗೆ ಸಾರಕ್ಕಿ ಸಿಗ್ನಲ್‌ನ ಜೆ.ಪಿ. ನಗರ ಮೆಟ್ರೊ ನಿಲ್ದಾಣದ ಮೆಟ್ಟಿಲ ಹತ್ತಿರ ಸೇರೋಣ. ಭಾಷಣ ಇಲ್ಲ, ಮೈಕು ಇಲ್ಲ, ಯಾವ ಪಕ್ಷದ ಶಾಲೂ ಬೇಡ. ಎರಡು ಗುಂಪಾಗಿ ರಿಂಗ್ ರೋಡಿನಲ್ಲಿ ನಡೆಯುತ್ತೇವೆ. ಒಂದು ಗುಂಪು ಡೆಲ್ಮಿಯಾ ಸರ್ಕಲ್ ಕಡೆಗೆ, ಇನ್ನೊಂದು ಕದಿರೇನಹಳ್ಳಿ ಕಡೆಗೆ. ದಾರಿಯಲ್ಲಿ ಸಿಗುವ ಪ್ರತಿ ಬಸ್ ಸ್ಟಾಪ್, ಮರ, ಜೀಬ್ರಾ ಪಟ್ಟೆ, ಮ್ಯಾನ್‌ಹೋಲ್, ಟ್ರಾನ್ಸ್‌ಫಾರ್ಮರ್, ಅಂಗಡಿ, ತಳ್ಳುಗಾಡಿ, ಶಾಲೆಯ ಗೇಟು, ಆಸ್ಪತ್ರೆಗೆ ತಿರುಗುವ ರಸ್ತೆ ಎಲ್ಲವನ್ನೂ ಬರೆದುಕೊಂಡು ಫೋಟೊ ತೆಗೆಯುತ್ತೇವೆ. ಕಾಮಗಾರಿಯಲ್ಲಿ ಏನಾದರೂ ಮಾಯವಾದರೆ ಅದು ಇತ್ತು ಎಂಬುದಕ್ಕೆ ನಮ್ಮ ಹತ್ತಿರ ಪುರಾವೆ ಇರುತ್ತದೆ. ನಡೆಯಲಾಗದ ಹಿರಿಯರು ಮೆಟ್ಟಿಲ ಬಳಿಯೇ ಕುರ್ಚಿ ಹಾಕಿಕೊಂಡು ಸಹಿ ಸಂಗ್ರಹ ನೋಡಿಕೊಳ್ಳಲಿ.

ಆ ಪಟ್ಟಿ, ಸಹಿ, ನಮ್ಮ ಬೇಡಿಕೆ ಮೂರನ್ನೂ ಒಂದೇ ಕಡತ ಮಾಡಿ ಶಾಂತಿನಗರ ಬಿಎಂಟಿಸಿ ಸಂಕೀರ್ಣದಲ್ಲಿರುವ ಮೆಟ್ರೊ ನಿಗಮದ ಕಚೇರಿಗೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಬರುತ್ತೇವೆ. ಪ್ರತಿಗಳು ಶಾಸಕರಿಗೆ, ಸಂಸದರಿಗೆ, ಟ್ರಾಫಿಕ್ ಪೊಲೀಸರಿಗೆ, ಬಿಎಂಟಿಸಿಗೆ, ಪಾಲಿಕೆಗೆ ಹೋಗುತ್ತವೆ.

ಜೊತೆಗೆ ಮನೆಗೊಂದು ಮಾಹಿತಿ ಹಕ್ಕು ಅರ್ಜಿ. ಬಿಳಿ ಹಾಳೆ ಸಾಕು, ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಒಳಗೆ. ಅದಕ್ಕೇ ಹಂಚಿಕೊಳ್ಳೋಣ: ಒಂದು ಮನೆಯವರು ರ‍್ಯಾಂಪ್ ಎಲ್ಲಿ ಎಂದು ಕೇಳಲಿ, ಇನ್ನೊಬ್ಬರು ನಿಲ್ದಾಣಗಳನ್ನು ಕೂಡಿಸುವ ನಕ್ಷೆ ಕೇಳಲಿ, ಮತ್ತೊಬ್ಬರು ಮರದ ಪಟ್ಟಿ, ಮಗದೊಬ್ಬರು ಸಂಚಾರ ಬದಲಾವಣೆಯ ಯೋಜನೆ. 30 ದಿನದಲ್ಲಿ ಉತ್ತರ ಕೊಡಬೇಕು. ಅರ್ಜಿ ಬರೆಯಲು ಬಾರದವರಿಗೆ ಭಾನುವಾರ ಅಲ್ಲೇ ಕೂತು ಬರೆದುಕೊಡುತ್ತೇವೆ.

ಬರುವಾಗ ಒಂದು ನೋಟ್‌ಬುಕ್, ಪೆನ್ನು, ಚಾರ್ಜ್ ಇರುವ ಫೋನು, ನೀರಿನ ಬಾಟಲಿ ತನ್ನಿ. ಹೈಸ್ಕೂಲಿನ ಮಕ್ಕಳನ್ನೂ ಕರೆತನ್ನಿ, ಎಣಿಸುವುದರಲ್ಲಿ ಅವರು ನಮಗಿಂತ ಚುರುಕು. ಬಾಡಿಗೆ ಅಂಗಡಿಯವರು, ಬೀದಿ ವ್ಯಾಪಾರಿಗಳು ತಮ್ಮ ಕಾಗದಗಳ ಜೆರಾಕ್ಸ್ ಹಿಡಿದು ಬನ್ನಿ. ಒಂಬತ್ತು ಗಂಟೆಗೆಲ್ಲ ಮುಗಿಸಿ ತಿಂಡಿಗೆ ಮನೆಗೆ ಹೋಗಬಹುದು.

ಓದಿದ ಮೇಲೆ ಈ ಪತ್ರವನ್ನು ಪಕ್ಕದ ಮನೆಗೋ ಎದುರಿನ ಅಂಗಡಿಗೋ ಕೊಡಿ.

ಇಂತಿ,
ಸಾರಕ್ಕಿ ಸುತ್ತಮುತ್ತಲಿನ ನಿವಾಸಿಗಳು ಮತ್ತು ವ್ಯಾಪಾರಸ್ಥರು